ಪಡುಗಡೆಯ ಗೋಡೆ

ಕಾಟಿಕುಳಂ
6 ಜನವರಿ 2025

ಪ್ರೀತಿಯ ಚೆಲುವಣ್ಣನಿಗೆ,

ಲತಾಮಣಿಯ ನಮಸ್ಕಾರ. ನಿನಗೆ ಕಿವಿ ಹೋದಮೇಲೆ ನಾನು ನಿನ್ನ ಮಗಳು ಧನ್ಯಳ ಫೋನಿಗೆ ಹೇಳುವುದು, ಅವಳು ಚೀಟಿಯಲ್ಲಿ ಬರೆದು ನಿನಗೆ ತೋರಿಸುವುದು, ನಡುವೆ ಒಂದು ಮಾತು ಇನ್ನೊಂದಾಗುವುದು, ಹೀಗೇ ಆಗಿ ದೀಪಾವಳಿಯಲ್ಲಿ ನಾವಿಬ್ಬರೂ ಆಡಬಾರದ್ದು ಆಡಿದೆವು. ಇನ್ನು ಕಟ್ಟಡದ ವಿಷಯ ಏನಿದ್ದರೂ ಕಾಗದದಲ್ಲೇ ಎಂದು ಹೇಳಿಕಳಿಸಿದ್ದೀಯ. ಹಾಗೇ ಆಗಲಿ.

ಅಪ್ಪ ಕಟ್ಟಿಸಿದ ಅಂಗಡಿ ಕಟ್ಟಡ ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂದು ಪಂಚಾಯತಿನ ಎಂಜಿನಿಯರ್ ಬರೆದುಕೊಟ್ಟು ಹೋಗಿದ್ದಾರೆ. ಮಹಡಿಯ ಬಿರುಕಿನಲ್ಲಿ ನನ್ನ ಕೈ ಹೋಗುತ್ತದೆ. ಮೇ ತಿಂಗಳೊಳಗೆ ಕೆಡವಬೇಕು. ಕಟ್ಟಡ ಇಬ್ಬರ ಹೆಸರಿನಲ್ಲಿರುವುದರಿಂದ ಯಾರಿಂದ ಕೆಡವಿಸಬೇಕು ಎಂಬುದಕ್ಕೂ ಇಬ್ಬರ ಒಪ್ಪಿಗೆ ಬೇಕು.

ಇಬ್ಬರು ಕಂಟ್ರಾಕ್ಟರುಗಳು ಬಂದು ನೋಡಿದರು. ಒಬ್ಬ ಸುಬೀಷ್. ಚಿಕ್ಕ ವಯಸ್ಸು, ಸ್ವಂತ ಜೇಸಿಬಿ. ರಸ್ತೆಯಲ್ಲೇ ನಿಂತು ಕತ್ತೆತ್ತಿ ನೋಡಿ, “ನಾಲ್ಕು ದಿನದ ಕೆಲಸ ಚೇಚೀ” ಎಂದ. ಒಳಗೆ ಬರಲೇ ಇಲ್ಲ. ಇನ್ನೊಬ್ಬರು ಮಾನಂತವಾಡಿಯ ಪದ್ಮನಾಭನ್. ಅರವತ್ತರ ಹತ್ತಿರದವರು. ಮಹಡಿ ಹತ್ತಿದರು, ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು, ನನ್ನ ಹಿಟ್ಟಿನ ಗಿರಣಿಯ ಹಿಂದೆ ಕೂತು ಒಂದು ಪುಸ್ತಕದಲ್ಲಿ ಏನೇನೋ ಬರೆದುಕೊಂಡರು. ಮೇಲಿನಿಂದ ಕೈಯಲ್ಲೇ ಕಳಚಿಕೊಂಡು ಬರಬೇಕು, ಇಪ್ಪತ್ತನಾಲ್ಕು ದಿನ ಬೇಕು ಎನ್ನುತ್ತಾರೆ. ಕೇಳುವುದೂ ಸುಬೀಷನಿಗಿಂತ ಜಾಸ್ತಿ.

ನನಗೆ ಪದ್ಮನಾಭನ್ ಸರಿ ಎನಿಸಿದೆ. ನಿನ್ನ ಅಭಿಪ್ರಾಯ ತಿಳಿಸು.

ನಿನ್ನ ತಂಗಿ,
ಲತಾಮಣಿ

—

ಇಳಕಲ್ಲ
15 ಜನವರಿ 2025

ಲತಾ,

ಕಾಗದ ಸಿಕ್ಕಿತು. ನಿನ್ನೆ ಹಬ್ಬ ಮುಗಿಯಿತು. ಧನ್ಯ, ಅಳಿಯ ಆರೋಗ್ಯವಾಗಿದ್ದಾರೆ.

ನಾಲ್ಕು ದಿನದ ಕೆಲಸಕ್ಕೆ ಇಪ್ಪತ್ತನಾಲ್ಕು ದಿನ ಬೇಕು ಎನ್ನುವವನನ್ನು ನಾನಾಗಿದ್ದರೆ ಅಂಗಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂವತ್ತೈದು ವರ್ಷ ಕ್ವಾರಿಯಲ್ಲಿ ಮದ್ದಿಟ್ಟು ಬಂಡೆ ಸೀಳಿದ್ದೇನೆ. ಎರಡಂತಸ್ತಿನ ಕೆಂಪುಕಲ್ಲಿನ ಗೂಡಿಗೆ ಇಷ್ಟು ಉಪಚಾರವೇ?

ಇನ್ನೊಂದು ಮಾತು. ನಿನ್ನ ಗಿರಣಿ ಅದೇ ಕಟ್ಟಡದಲ್ಲಿದೆ. ಕೆಡವುವುದು ತಡವಾದಷ್ಟೂ ನಿನಗೆ ಅನುಕೂಲ. ನಾನು ದೂರದಲ್ಲಿದ್ದೇನೆ, ಬಸ್ಸಿನಲ್ಲಿ ಎರಡು ತಿರುವು ಬಂದರೆ ತಲೆ ಸುತ್ತಿ ಬೀಳುತ್ತೇನೆ, ಬಂದು ನೋಡಲಾರೆ ಎಂದು ನಿನಗೆ ಗೊತ್ತು. ತಪ್ಪು ತಿಳಿಯಬೇಡ. ಆದರೆ ಆ ಪದ್ಮನಾಭನನ್ನು ನಿನಗೆ ಹೇಳಿಕೊಟ್ಟವರು ಯಾರು?

ಚೆಲುವರಾಜು

—

ಕಾಟಿಕುಳಂ
24 ಜನವರಿ 2025

ಅಣ್ಣನಿಗೆ ನಮಸ್ಕಾರ.

ಯಾರೂ ಹೇಳಿಕೊಟ್ಟಿಲ್ಲ. ನಾನೇ ವಿಚಾರಿಸಿದೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ಹೀಗೆ ಪಕ್ಕದ ಕಟ್ಟಡಕ್ಕೆ ಅಂಟಿಕೊಂಡದ್ದನ್ನು ಎಲ್ಲಿ ಕೆಡವಿದ್ದೀರಿ, ಆ ಜಾಗ ತೋರಿಸಿ ಎಂದು. ಪದ್ಮನಾಭನ್ ವೆಳ್ಳಮುಂಡದ ವಿಳಾಸ ಕೊಟ್ಟರು. ಬಸ್ಸಿನಲ್ಲಿ ಹೋಗಿಬಂದೆ. ಎರಡು ಅಂಗಡಿಗಳ ನಡುವಿನ ಕಟ್ಟಡ ಕಳಚಿದ್ದಾರೆ. ಪಕ್ಕದ ಔಷಧಿ ಅಂಗಡಿಯ ಹೆಂಗಸು, “ಒಂದು ದಿನವೂ ಬಾಗಿಲು ಹಾಕಲಿಲ್ಲ, ಕಪಾಟಿನ ಸೀಸೆ ಅಲುಗಲಿಲ್ಲ” ಎಂದಳು. ಸುಬೀಷ್, “ಎಲ್ಲಾ ಕಡೆ ಮಾಡಿದ್ದೀನಿ ಚೇಚೀ, ಎಷ್ಟು ಅಂತ ಹೇಳಲಿ” ಎಂದು ನಕ್ಕ. ಕೊನೆಗೆ ಅವನು ಕೆಡವಿದ ಒಂದು ಮನೆಯನ್ನು ನಾನೇ ಹುಡುಕಿದೆ. ಪಕ್ಕದವರ ಬಾವಿಯಲ್ಲಿ ಇವತ್ತಿಗೂ ಇಟ್ಟಿಗೆ ಚೂರು ತುಂಬಿದೆ. ಕೆಲಸಗಾರರಿಗೆ ವಿಮೆ ಇದೆಯೇ ಎಂದರೆ ಅವನಿಗೆ ಸಿಟ್ಟು ಬರುತ್ತದೆ.

ಪದ್ಮನಾಭನ್ ಒಂದು ವಿಷಯ ಕೇಳಿದ್ದಾರೆ. ಪಡುಗಡೆ ನಮಗೂ ನಳಿನಿಯ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಗೋಡೆಯೋ ಎರಡೋ ಎಂದು ಅವರಿಗೆ ಅನುಮಾನ. ನಮ್ಮ ಕಡೆ ಗಾರೆ ಮೆತ್ತಿದೆ, ಅವಳ ಕಡೆ ಗೋಡೆಗೆ ಹಲಗೆ ಹೊಡೆದಿದೆ. ಒಂದು ಹಲಗೆ ತೆಗೆದು ನೋಡುತ್ತೇವೆ ಎಂದರೆ ನಳಿನಿ ಬಾಗಿಲಿಗೆ ಅಡ್ಡ ನಿಂತಳು. ತೂತು ಮಾಡಿ ತನ್ನನ್ನೂ ಎಬ್ಬಿಸುವ ಉಪಾಯ ಎಂದು ಅವಳ ಲೆಕ್ಕ.

ಆ ಅಂಗಡಿಯನ್ನು ಅವಳ ಮಾವ ಬಾಲಕೃಷ್ಣನ್ ಕಟ್ಟಿದಾಗ ನಾನು ಚಿಕ್ಕವಳು. ನೀನು ಊರಿನಲ್ಲೇ ಇದ್ದೆ. ಅವರ ಚಾವಣಿಯ ತೊಲೆಗಳು ಎಲ್ಲಿ ಕೂತಿವೆ, ನಿನಗೇನಾದರೂ ನೆನಪಿದೆಯೇ?

ಲತಾಮಣಿ

—

ಇಳಕಲ್ಲ
3 ಫೆಬ್ರವರಿ 2025

ಲತಾ,

ನನಗೆ ಏನೂ ನೆನಪಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ವಿಮೆ, ತೊಲೆ, ಒಂದು ಗೋಡೆ, ಎರಡು ಗೋಡೆ. ಇದು ನಿನ್ನ ಮಾತಲ್ಲ. ಪಕ್ಕದಲ್ಲಿ ಯಾರೋ ಕೂತು ಬರೆಸಿದ ಹಾಗಿದೆ. ಗೋಡೆಯ ವಿಷಯ ನನ್ನ ಬಾಯಿಂದ ಬರಿಸಿ ಅದನ್ನು ನಳಿನಿಯ ಹೆಸರಿಗೆ ಮಾಡುವುದಕ್ಕೋ? ಆ ಮನುಷ್ಯ ನಳಿನಿಯ ಅಂಗಡಿಯ ಗೋಡೆಗಳ ಫೋಟೋ ತೆಗೆದನಂತೆ. ನಮ್ಮ ಕಟ್ಟಡ ಕೆಡವುವವನಿಗೆ ಅವರ ಗೋಡೆಯ ಫೋಟೋ ಯಾಕೆ? ನಾಳೆ ಅವಳು ನಮ್ಮ ಮೇಲೆ ದಾವೆ ಹಾಕಲು ಇವತ್ತೇ ಸಾಕ್ಷಿ ತಯಾರಾಗುತ್ತಿದೆ.

ಕಿವುಡ ಎಂದರೆ ಕುರುಡ ಅಲ್ಲ. ನನ್ನ ಎದುರಿಗೇ ಜನ ತುಟಿ ಆಡಿಸಿಕೊಂಡು ಮಾತು ಮುಗಿಸಿಬಿಡುವುದನ್ನು ಎಂಟು ವರ್ಷದಿಂದ ನೋಡುತ್ತಿದ್ದೇನೆ.

ಚೆಲುವರಾಜು

—

ಕಾಟಿಕುಳಂ
12 ಫೆಬ್ರವರಿ 2025

ಅಣ್ಣ,

ಈ ಪೇಟೆಯಲ್ಲಿ ನನಗೆ ಕನ್ನಡ ಕಾಗದ ಬರೆದುಕೊಡುವವರು ಯಾರಿದ್ದಾರೆ, ನೀನೇ ಹೇಳು. ನಾನು ಓದಿದ್ದು ಮಲಯಾಳದ ಶಾಲೆ. ಗಿರಣಿಯ ಹಿಟ್ಟಿನ ಮೇಲೆ ಬೆರಳಿಟ್ಟು ಅಪ್ಪ ತಿದ್ದಿಸಿದ ಅಕ್ಷರ ಇದು. ಪದ್ಮನಾಭನಿಗೆ ಕನ್ನಡದಲ್ಲಿ ತಮ್ಮ ಹೆಸರು ಬರೆಯಲೂ ಬರುವುದಿಲ್ಲ.

ಫೋಟೋ ತೆಗೆದದ್ದು ನಿಜ. ಅವಳ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳನ್ನು ಮೊದಲೇ ಹಿಡಿದಿಟ್ಟರೆ, ನಾಳೆ ಅವು ನಿಮ್ಮಿಂದ ಬಂದವು ಎಂದು ಯಾರೂ ಹೇಳುವ ಹಾಗಿಲ್ಲ. ನಮ್ಮನ್ನು ಕಾಯುವುದಕ್ಕೆ ತೆಗೆದದ್ದು.

ಆದರೆ ಫೋಟೋದ ವಿಷಯ ನಾನು ನಿನಗೆ ಬರೆದೇ ಇರಲಿಲ್ಲ. ನನ್ನ ಕಾಗದಗಳ ನಕಲು ಇಟ್ಟುಕೊಂಡಿದ್ದೇನೆ, ತೆಗೆದು ನೋಡಿದೆ. ಎಲ್ಲೂ ಇಲ್ಲ. ಆರುನೂರು ಕಿಲೋಮೀಟರು ದೂರದಲ್ಲಿ ಕೂತವನಿಗೆ ಅದು ಹೇಗೆ ಗೊತ್ತಾಯಿತು? ಮೊನ್ನೆ ಸುಬೀಷ್ ಗಿರಣಿಗೆ ಬಂದು, “ಚೆಲುವೇಟನ್ ಚೆನ್ನಾಗಿದ್ದಾರಾ?” ಎಂದ. ನಿನ್ನ ಹೆಸರನ್ನು ನಾನು ಅವನಿಗೆ ಯಾವತ್ತೂ ಹೇಳಿಲ್ಲ.

ನನಗೆ ಉತ್ತರ ಬೇಕು ಅಣ್ಣ.

ಲತಾಮಣಿ

—

ಇಳಕಲ್ಲ
20 ಫೆಬ್ರವರಿ 2025

ಲತಾ,

ಧನ್ಯಳಿಗೆ ಜ್ವರ. ಬಿಡುವಿಲ್ಲ. ಎಲ್ಲ ಬೇಗ ಮುಗಿಯುತ್ತದೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಗಿರಣಿಯ ಯಂತ್ರವನ್ನು ತೃಶ್ಶಿಲೇರಿಯ ನಿನ್ನ ಮನೆಗೆ ಸಾಗಿಸಿಬಿಡು. ತಡಮಾಡಬೇಡ.

ಚೆಲುವರಾಜು

—

ಕಾಟಿಕುಳಂ
5 ಮಾರ್ಚ್ 2025

ಶ್ರೀ ಚೆಲುವರಾಜು ಅವರಿಗೆ,

ಯಂತ್ರ ಸಾಗಿಸಿ ಎಂದು ನೀವು ಬರೆದ ಕಾಗದ ಶುಕ್ರವಾರ ಕೈಸೇರಿತು. ಯಾಕೆ ಎಂದು ಯೋಚಿಸುವಷ್ಟರಲ್ಲಿ ಭಾನುವಾರ ಬಂತು.

ಭಾನುವಾರ ಗಿರಣಿಗೆ ರಜೆ. ನಾನು ತೃಶ್ಶಿಲೇರಿಯ ಮನೆಯಲ್ಲಿದ್ದೆ. ಹತ್ತು ಗಂಟೆಗೆ ಚಹಾದ ಅಂಗಡಿಯವರು ಫೋನು ಮಾಡಿ, “ನಿಮ್ಮ ಕಟ್ಟಡ ಕೆಡವ್ತಾ ಇದ್ದಾರಲ್ಲ, ನೀವು ಬರ್ಲಿಲ್ವಾ?” ಎಂದರು. ಆಟೋ ಹಿಡಿದು ಬರುವ ಹೊತ್ತಿಗೆ ಮಹಡಿಯ ಮುಂಭಾಗ ರಸ್ತೆಯಲ್ಲಿ ಬಿದ್ದಿತ್ತು. ಕರೆಂಟು ಕೂಡ ತೆಗೆಸಿರಲಿಲ್ಲ. ಕಂಬದಿಂದ ಬಂದ ತಂತಿ ಕಲ್ಲಿನ ರಾಶಿಯ ಮೇಲೆ ಹಾವಿನ ಹಾಗೆ ಬಿದ್ದಿತ್ತು. ನಳಿನಿಯ ಅಂಗಡಿಯ ಬಾಗಿಲು ತೆರೆದಿತ್ತು. ಮದುವೆಯ ರವಿಕೆ ಮುಗಿಸಲು ಅವಳು ಒಳಗೇ ಕೂತಿದ್ದಳು.

ನಿಲ್ಲಿಸಿ ಎಂದು ಕೂಗಿದೆ. ಸುಬೀಷ್ ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿ ಹಿಡಿದ.

“ನಿಮ್ಮ ಚೇಟನ್ನೇ ಸಹಿ ಮಾಡಿ ಕಳಿಸಿದ್ದಾರೆ ಚೇಚೀ. ದೊಡ್ಡವರ ಸಹಿ ಆದ್ಮೇಲೆ ನಿಮ್ಮದೇನು?”

ನಿಮ್ಮದೇ ಸಹಿ. ಲು ಅಕ್ಷರದ ಕೊಂಬನ್ನು ಹಾಗೆ ಎಳೆಯುವವರು ಬೇರೆ ಯಾರೂ ಇಲ್ಲ. ಫೆಬ್ರವರಿ ಹತ್ತನೇ ತಾರೀಖು. ಅಂದರೆ ನನಗೆ ಕೊನೆಯ ಕಾಗದ ಬರೆಯುವಾಗ ನೀವು ಒಪ್ಪಿಗೆ ಕೊಟ್ಟು ಹತ್ತು ದಿನವಾಗಿತ್ತು.

ನಾವು ಅಲ್ಲಿ ಜಗಳವಾಡುತ್ತಿದ್ದಾಗಲೇ ಜೇಸಿಬಿ ಪಡುಗಡೆಯ ಗೋಡೆಗೆ ಬಾಯಿ ಹಾಕಿತು. ಓಡಿಸುತ್ತಿದ್ದವನು ಮಾದನ್ ಎಂಬವನು. ಗಾರೆಯ ಒಂದು ದೊಡ್ಡ ಚಕ್ಕೆ ಕಳಚಿ ಬಿತ್ತು, ಒಳಗೆ ಕಪ್ಪಗೆ ಒಂದು ಮರದ ತುದಿ ಕಂಡಿತು. ಅವನು ಅಲ್ಲಿಗೇ ಯಂತ್ರ ನಿಲ್ಲಿಸಿದ. ಸುಬೀಷ್, “ಎಳಿ ಮಾದಾ!” ಎಂದು ಕಿರುಚಿದ. ಮಾದನ್ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಇಳಿದುಬಂದ.

“ಅದು ಈ ಕಟ್ಟಡದ್ದಲ್ಲ, ಆಚೆಯವ್ರ ತೊಲೆ. ಒಳಗೆ ಹೆಣ್ಣೆಂಗ್ಸು ಕೂತವ್ಳೆ. ನಾ ಮುಟ್ಟಾಕಿಲ್ಲ.”

ಅವನು ಅಷ್ಟು ಹೇಳಿ ನಳಿನಿಯ ಬಾಗಿಲಿಗೆ ಓಡಿದ. ಅವಳ ಕೈ ಹಿಡಿದು ಎಳೆಯುವಷ್ಟರಲ್ಲಿ ಒಂದು ತೊಲೆ ಜಾರಿತು. ಹಂಚುಗಳು ಅವಳ ಮೇಲೆ ಸುರಿದವು. ಬಲ ಭುಜದ ಮೂಳೆ ಮುರಿದಿದೆ. ಎರಡು ಹೆಜ್ಜೆ ಹಿಂದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಬರೆಯಲು ಕೈ ಬರುವುದಿಲ್ಲ.

ಸುಬೀಷ್ ಅಲ್ಲೇ ಮಾದನನ್ನು ಕೆಲಸದಿಂದ ತೆಗೆದ. ಆಮೇಲೆ ತಾನೂ ಕಾಣಲಿಲ್ಲ. ನಾನು ಪದ್ಮನಾಭನಿಗೆ ಫೋನು ಮಾಡಿದೆ. ಕೆಲಸ ಕೊಡದವಳು ಯಾವ ಮುಖದಲ್ಲಿ ಕರೆದೆನೋ. ಒಂದು ಗಂಟೆಯಲ್ಲಿ ಕಬ್ಬಿಣದ ಜಾಕಿಗಳನ್ನು ಜೀಪಿನಲ್ಲಿ ಹೇರಿಕೊಂಡು ಬಂದರು. ಉಳಿದ ತೊಲೆಗಳಿಗೆ ಅವರು ಮತ್ತು ಮಾದನ್ ಸಂಜೆಯವರೆಗೆ ಆಸರೆ ಕೊಟ್ಟರು.

ನಳಿನಿಯ ಗಂಡ ರತೀಶ್ ಪೊಲೀಸರಿಗೆ ದೂರು ಕೊಟ್ಟಿದ್ದಾನೆ. ಎಸ್‌ಐ ನನ್ನನ್ನು ಕರೆಸಿ ಆ ಕಾಗದ ತೋರಿಸಿ, ಯಾರ ಸಹಿ ಎಂದು ಕೇಳಿದರು. ನಾನು ಮರೆಮಾಚಲಿಲ್ಲ. ನನ್ನ ಅಣ್ಣನದು ಎಂದೆ.

ತೊಲೆಗಳ ವಿಷಯ ಏನೂ ನೆನಪಿಲ್ಲ ಎಂದು ನೀವು ಬರೆದಿದ್ದಿರಿ. ಈಗಲೂ ನೆನಪಿಲ್ಲವೇ?

ಲತಾಮಣಿ

—

ಇಳಕಲ್ಲ
28 ಮಾರ್ಚ್ 2025

ಲತಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ಐದನೆಯದನ್ನು ಹರಿಯಬಾರದೆಂದು ಧನ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅವಳಿಗೆ ಎಲ್ಲ ಹೇಳಿದೆ. ಎರಡು ದಿನ ನನ್ನ ಮುಖ ನೋಡಲಿಲ್ಲ.

ನೆನಪಿದೆ. ಆ ತೊಲೆಗಳಿಗೆ ಗೋಡೆಯಲ್ಲಿ ಗೂಡು ಕೊರೆದವನು ನಾನೇ. 1986ರ ಬೇಸಿಗೆ, ನನಗೆ ಹತ್ತೊಂಬತ್ತು. ಬಾಲಕೃಷ್ಣನಿಗೆ ಆ ವರ್ಷ ನಾಲ್ಕನೇ ಗೋಡೆ ಎಬ್ಬಿಸಲು ಆಗಲಿಲ್ಲ. ಈ ಮಳೆಗಾಲ ಒಂದಕ್ಕೆ ನಿಮ್ಮ ಗೋಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೂಂ ಎಂದರು. ಕಾಗದ ಏನೂ ಇಲ್ಲ. ನಾನು ಉಳಿ ಸುತ್ತಿಗೆ ಹಿಡಿದು ಐದು ಗೂಡು ಕೊರೆದೆ. ಅದೇ ವರ್ಷ ಊರು ಬಿಟ್ಟೆ. ಮರುವರ್ಷ ಅವರು ಸ್ವಂತ ಗೋಡೆ ಕಟ್ಟಿಕೊಂಡಿರಬೇಕು ಎಂದುಕೊಂಡೆ. ಇದು ಸುಳ್ಳಲ್ಲ. ಆದರೆ ಕಟ್ಟಿದರೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ನೀನು ಕೇಳಿದಾಗಲಾದರೂ ಇಷ್ಟನ್ನು ಬರೆಯಬಹುದಿತ್ತು. ಬರೆದರೆ ಗೋಡೆ ಕೈತಪ್ಪುತ್ತದೆ, ಇದಕ್ಕಾಗಿಯೇ ಲತಾ ಕೇಳುತ್ತಿದ್ದಾಳೆ ಎಂದುಕೊಂಡು ಮುಚ್ಚಿಟ್ಟೆ.

ಸುಬೀಷ್ ಜನವರಿಯಲ್ಲೇ ನನಗೆ ಕಾಗದ ಬರೆದಿದ್ದ. ಮಾದನ್ ಹಿಂದೆ ನಾಲ್ಕು ವರ್ಷ ಇಲ್ಲಿಯ ಕ್ವಾರಿಯಲ್ಲಿ ನನ್ನ ಕೈಕೆಳಗೆ ಇದ್ದ. ಅವನಿಂದ ವಿಳಾಸ ತೆಗೆದುಕೊಂಡನಂತೆ. ನಿನ್ನ ತಂಗಿ ಆ ಮುದುಕನ ಜೊತೆ ಒಳಗೊಳಗೇ ಮಾತಾಡಿಕೊಂಡಿದ್ದಾಳೆ, ಪಕ್ಕದವರ ಫೋಟೋ ತೆಗೆಸುತ್ತಿದ್ದಾಳೆ ಎಂದೆಲ್ಲ ಅದರಲ್ಲಿತ್ತು. ನಾನು ನಂಬಿದೆ. ನಂಬುವುದಕ್ಕೆ ಕಷ್ಟವೇ ಆಗಲಿಲ್ಲ. ಅದನ್ನು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅವನನ್ನು ಏನೊಂದೂ ಕೇಳದೆ ಸಹಿ ಮಾಡಿದೆ. ಮದ್ದಿಡುವ ಮೊದಲು ಬಂಡೆಯ ಸುತ್ತ ಮೂರು ಸುತ್ತು ನಡೆದು ನೋಡದೆ ನಾನು ಒಂದು ದಿನವೂ ಬತ್ತಿ ಹಚ್ಚಿದವನಲ್ಲ. ನಮ್ಮ ಕಟ್ಟಡದ ವಿಷಯದಲ್ಲಿ ಒಂದು ಸುತ್ತೂ ನಡೆಯಲಿಲ್ಲ.

ಇದರ ಜೊತೆ ಮೂರು ಕಾಗದ ಇಟ್ಟಿದ್ದೇನೆ. ಒಂದು, ಸುಬೀಷ್ ಬರೆದದ್ದು. ಇನ್ನೊಂದು, ಪೊಲೀಸರಿಗೆ ನನ್ನ ಹೇಳಿಕೆ. ಲತಾಮಣಿಗೆ ತಿಳಿಸದೆ ಒಪ್ಪಿಗೆ ಕೊಟ್ಟವನು ನಾನು, ತೊಲೆಗಳ ವಿಷಯ ತಿಳಿದೂ ಹೇಳದವನು ನಾನು ಎಂದು ಬರೆದಿದ್ದೇನೆ. ಮೂರನೆಯದು ಗೋಡೆಯ ನಕ್ಷೆ. ರಸ್ತೆಯ ಕಡೆಯಿಂದ ಎಷ್ಟೆಷ್ಟು ಅಡಿಗೆ ಒಂದೊಂದು ಗೂಡು, ಎಷ್ಟು ಆಳ ಎಂದು ನೆನಪಿದ್ದಷ್ಟು ಗುರುತು ಹಾಕಿದ್ದೇನೆ. ಎರಡನೆಯ ಗೂಡು ಆಳ ಸಾಲಲಿಲ್ಲ, ಅಲ್ಲಿ ಕಲ್ಲು ಗಟ್ಟಿ ಇತ್ತು, ನಾನು ಅವಸರ ಮಾಡಿದ್ದೆ. ಜಾರಿದ್ದು ಅದೇ ಇರಬೇಕು. ಪದ್ಮನಾಭನ್ ಅವರಿಗೆ ಕೊಡು.

ನಳಿನಿಗೆ ನಾನು ಏನು ಬರೆಯಲಿ ಎಂದು ತಿಳಿಯುತ್ತಿಲ್ಲ.

ಚೆಲುವರಾಜು

—

ಕಾಟಿಕುಳಂ
8 ಏಪ್ರಿಲ್ 2025

ಅಣ್ಣ,

ಜಾರಿದ್ದು ಎರಡನೆಯದೇ. ಪದ್ಮನಾಭನ್ ನಿನ್ನ ನಕ್ಷೆಯನ್ನು ಗೋಡೆಗೆ ಹಿಡಿದು ಅಳೆದರು. ಉಳಿದ ನಾಲ್ಕು ಗೂಡುಗಳಲ್ಲಿ ಮೂರು ನೀನು ಗುರುತು ಹಾಕಿದಲ್ಲೇ ಇವೆ. “ಇದು ಜನವರಿಯಲ್ಲಿ ನನ್ನ ಕೈಯಲ್ಲಿ ಇದ್ದಿದ್ದರೆ” ಎಂದು ನಕ್ಷೆಯನ್ನು ಮಡಿಸಿದರು.

ನಿನ್ನ ಹೇಳಿಕೆಯನ್ನು ಠಾಣೆಗೆ ಕೊಟ್ಟೆ. ಸುಬೀಷನನ್ನು ಕರೆಸಿದ್ದಾರೆ. ನಿನ್ನನ್ನೂ ಕರೆಸಬಹುದು. ಅದಕ್ಕೆ ನಾನು ಏನೂ ಮಾಡಲಾರೆ, ಮಾಡುವುದೂ ಇಲ್ಲ.

ನಳಿನಿಯ ಕೈ ಇನ್ನೂ ಜೋಳಿಗೆಯಲ್ಲಿದೆ. ಶಾಲೆ ತೆರೆಯುವ ಮೊದಲು ಅವಳು ಒಪ್ಪಿಕೊಂಡ ಸಮವಸ್ತ್ರಗಳು ಬಾಕಿ ಇವೆ. ಮಧ್ಯಾಹ್ನದ ಮೇಲೆ ಅವರ ಮನೆಯ ಜಗಲಿಯಲ್ಲಿ ಕೂತು ನಾನು ಹೊಲಿಯುತ್ತೇನೆ. ಅವಳು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗುರುತು ಹಾಕಿಕೊಡುತ್ತಾಳೆ. ಮೊದಲ ವಾರ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ನಾನು ಬಂದು ಹೋದಮೇಲೆ ಬಟ್ಟೆಗಳನ್ನು ಎಣಿಸುತ್ತಿದ್ದಳು. ಮೊನ್ನೆ, “ಚೇಚೀ, ಕಾಲರು ಸೊಟ್ಟ” ಎಂದು ಬೈದಳು. ಬೈದದ್ದು ನನಗೆ ಸಮಾಧಾನವಾಯಿತು.

ಈಗ ನನ್ನ ಸರದಿ. ನೀನು ಮೊದಲ ಕಾಗದದಲ್ಲೇ ಒಂದು ಮಾತು ಬರೆದಿದ್ದೆ, ತಡವಾದಷ್ಟೂ ನಿನಗೆ ಅನುಕೂಲ ಎಂದು. ಓದಿ ನನಗೆ ಸಿಟ್ಟು ನೆತ್ತಿಗೇರಿತ್ತು. ನಿಜವಾದ್ದರಿಂದ ಏರಿತು. ಪಂಚಾಯತಿನ ನೋಟೀಸು ಬಂದದ್ದು ಸೆಪ್ಟೆಂಬರಿನಲ್ಲಿ. ನಿನಗೆ ಹೇಳಿದ್ದು ದೀಪಾವಳಿಗೆ. ಕಟ್ಟಡ ಬಿದ್ದ ಮರುದಿನವೇ ನೀನು ಜಾಗ ಮಾರಿಸುತ್ತೀಯ, ನನ್ನ ಗಿರಣಿ ಅಲ್ಲಿಗೆ ಮುಗಿಯಿತು ಎಂದು ನನಗೆ ಹೆದರಿಕೆ. ಪದ್ಮನಾಭನ್ ಹತ್ತಿರ ನಾನು ಮೊದಲು ಹೋದದ್ದು ಅವರು ಒಳ್ಳೆಯ ಕೆಲಸಗಾರರು ಎಂದಲ್ಲ. ಬಹಳ ನಿಧಾನ, ಒಂದು ಗೋಡೆಗೆ ಒಂದು ವಾರ ಮಾಡುತ್ತಾರೆ ಎಂದು ಯಾರೋ ಆಡಿಕೊಂಡು ನಗುತ್ತಿದ್ದರು. ಅದನ್ನು ಕೇಳಿ ಹೋದೆ. ಅವರು ಗೋಡೆ ತಟ್ಟುವುದನ್ನು ನೋಡಿದ ಮೇಲೆ, ವೆಳ್ಳಮುಂಡಕ್ಕೆ ಹೋಗಿ ಬಂದ ಮೇಲೆ, ಇವರು ಯಾಕೆ ನಿಧಾನ ಎಂದು ತಿಳಿಯಿತು. ಆದರೆ ಮೊದಲು ಹೋದದ್ದು ಅದಕ್ಕೇ.

ಇಷ್ಟನ್ನು ನಾನು ಆಗಲೇ ಬರೆದಿದ್ದರೆ ನೀನು ಸುಬೀಷನ ಕಾಗದ ನಂಬುತ್ತಿದ್ದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಗಿರಣಿಯ ಯಂತ್ರವನ್ನು ತೃಶ್ಶಿಲೇರಿಗೆ ಸಾಗಿಸಿದ್ದೇನೆ, ಕೆಲಸ ಶುರುವಾಗಿದೆ. ಮಾದನನ್ನು ಪದ್ಮನಾಭನ್ ತಮ್ಮ ಜೊತೆ ಸೇರಿಸಿಕೊಂಡಿದ್ದಾರೆ. ಪಡುಗಡೆಯ ಗೋಡೆಯನ್ನು ಹತ್ತಡಿಯವರೆಗೆ ಉಳಿಸಿ, ಬಲಪಡಿಸಿ, ನಳಿನಿಯ ಚಾವಣಿಗೇ ಬಿಟ್ಟುಬಿಡಬೇಕು ಎನ್ನುತ್ತಾರೆ. ಆ ಗೋಡೆಯನ್ನು ಅವರಿಗೆ ಬಿಟ್ಟುಕೊಡುವ ಪತ್ರ ಇದರ ಜೊತೆ ಇದೆ. ನನ್ನ ಸಹಿ ಹಾಕಿದ್ದೇನೆ. ಮಲಯಾಳದ ಪಕ್ಕದಲ್ಲೇ ಕನ್ನಡದಲ್ಲೂ ಬರೆದಿದ್ದೇನೆ. ನಾನು ಹೇಳಿದೆ ಎಂದು ಸಹಿ ಮಾಡಬೇಡ. ಓದು. ಧನ್ಯಳಿಗೂ ಓದಿಸು. ಸಂಶಯ ಬಂದರೆ ಯಾವುದನ್ನೂ ಒಳಗಿಟ್ಟುಕೊಳ್ಳದೆ ನನ್ನನ್ನೇ ಕೇಳು.

ಲತಾ

—

ಇಳಕಲ್ಲ
19 ಏಪ್ರಿಲ್ 2025

ಲತಾ,

ಪತ್ರ ಓದಿದೆವು. ನನಗೆ ಮೂರು ಸಂಶಯ. ಗೋಡೆ ಅವರದಾದ ಮೇಲೆ ಅದರ ಬುಡ ನಮ್ಮ ಜಾಗದಲ್ಲಿ ಎಷ್ಟು ಅಂಗುಲ ಇರುತ್ತದೆ? ಗೋಡೆಯ ನೀರು ಯಾವ ಕಡೆ ಇಳಿಯುತ್ತದೆ? ನಾಳೆ ಅವರು ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿದರೆ ತಡೆಯುತ್ತದೆಯೇ? ಕೊನೆಯದನ್ನು ಪದ್ಮನಾಭನ್ ಅವರಿಂದ ಬರೆಸಿ ಸೇರಿಸಬೇಕು. ಗೋಡೆ ಕೊಡುವುದಕ್ಕೆ ಹಿಂದೆಮುಂದೆ ನೋಡಿ ಕೇಳುತ್ತಿಲ್ಲ. ಇನ್ನೊಂದು ಸಲ ಯಾರ ಮೇಲೂ ಏನೂ ಬೀಳಬಾರದು.

ನಿನ್ನ ಹೆದರಿಕೆಯೂ ಸುಳ್ಳಲ್ಲ. ಜಾಗ ಮಾರುವ ಯೋಚನೆ ನನಗಿತ್ತು. ಕಟ್ಟಡ ಬಿದ್ದರೆ ಕೊಳ್ಳುವವರನ್ನೂ ಕರೆತರುತ್ತೇನೆ ಎಂದು ಸುಬೀಷ್ ಬರೆದಿದ್ದ. ಅವನ ಕಾಗದದ ಎರಡನೇ ಹಾಳೆಯಲ್ಲಿ ಆ ಮಾತಿದೆ. ನಿನಗೆ ಕಳಿಸಿದ್ದು ಮೊದಲನೆಯ ಹಾಳೆ ಮಾತ್ರ. ಅಷ್ಟೆಲ್ಲ ಒಪ್ಪಿಕೊಂಡು ಬರೆದ ದಿನವೂ ಇದೊಂದನ್ನು ಬಚ್ಚಿಟ್ಟೆ. ಈಗ ಎರಡನೆಯದನ್ನೂ ಕಳಿಸಿದ್ದೇನೆ, ಠಾಣೆಗೆ ಕೊಡು. ಜಾಗ ಇಟ್ಟುಕೊಳ್ಳುವುದೋ, ಮಾರುವುದೋ, ನಿನ್ನ ಗಿರಣಿಗೆ ಒಂದು ಕೋಣೆ ಕಟ್ಟುವುದೋ, ನಾನು ಇಲ್ಲಿ ಕೂತು ಹೇಳುವುದಿಲ್ಲ. ಅಲ್ಲಿಗೆ ಬಂದು ಇಬ್ಬರೂ ಕೂತು ತೀರ್ಮಾನಿಸುವವರೆಗೆ ಯಾರ ಕಾಗದಕ್ಕೂ ನನ್ನ ಸಹಿ ಇಲ್ಲ.

ನಳಿನಿಯ ಪತ್ರಕ್ಕೆ ಅವಳ ಎದುರೇ ಸಹಿ ಮಾಡುತ್ತೇನೆ. ಅವಳು ಏನು ಬೈದರೂ ನನಗೆ ಕೇಳಿಸುವುದಿಲ್ಲ, ಅದು ನನ್ನ ಪುಣ್ಯವೋ ಪಾಪವೋ. ಬರೆದು ತೋರಿಸಲು ಹೇಳು, ಓದುತ್ತೇನೆ.

ಧನ್ಯ ಜೊತೆಗೆ ಬರುತ್ತಾಳೆ. ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ತಲೆ ಸುತ್ತದ ಹಾಗೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಕಾಡಿನ ತಿರುವುಗಳಲ್ಲಿ ಕಣ್ಣು ಮುಚ್ಚಿ ಮಲಗುತ್ತೇನೆ. ಮೇ ಎರಡನೇ ತಾರೀಖು ಮಧ್ಯಾಹ್ನದ ಬಸ್ಸಿಗೆ ಕಾಟಿಕುಳಂನಲ್ಲಿ ಇಳಿಯುತ್ತೇವೆ.

ಬಸ್ಸಿನ ಹತ್ತಿರ ಬಾ. ಹಿಂದಿನಿಂದ ಕರೆಯಬೇಡ, ಕೇಳಿಸುವುದಿಲ್ಲ. ಎದುರಿಗೆ ಬಂದು ನಿಲ್ಲು.

ನಿನ್ನ ಅಣ್ಣ,
ಚೆಲುವ